ಗಿರಣಿ ಕಾರ್ಮಿಕರ ಬಂಧು: ನಾರಾಯಣ ಮೇಘಾಜಿ ಲೋಖಂಡೆ

ಮುಂಬಯಿಯ ಪರೇಲ್, ಲಾಲ್‌ಬಾಗ್ ಪ್ರದೇಶಗಳು ಒಂದು ಕಾಲಕ್ಕೆ ಬಟ್ಟೆಗಿರಣಿಗಳ ನೆಲೆಯಾಗಿದ್ದವು. ಅಲ್ಲಿ ದುಡಿಯುವವರ ಕ್ಷೇಮ ಸರಕಾರದ ಹೊಣೆಯೆಂಬುದನ್ನು ಸಂಘಟಿತವಾಗಿ ಪ್ರತಿಪಾದಿಸಿದವರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಅಗ್ರಗಣ್ಯರು. ಭಾನುವಾರದ ರಜೆಯನ್ನು ದೊರಕಿಸಿಕೊಟ್ಟವರೆಂದು ಇಂದು ಅವರನ್ನು ಸ್ಮರಿಸಲಾಗುತ್ತದೆ. ಆದರೆ ಗಾಯಗೊಂಡ ಕಾರ್ಮಿಕನ ಪರವಾಗಿ ಅವರು ಮುಂದಿಟ್ಟ ಬೇಡಿಕೆ ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಲೋಖಂಡೆಯವರು 1848ರಲ್ಲಿ ಠಾಣೆಯಲ್ಲಿ ಜನಿಸಿದರು. ಬಡತನದಿಂದಾಗಿ ಹೆಚ್ಚಿನ ವಿದ್ಯಾಭ್ಯಾಸ ಸಾಧ್ಯವಾಗಲಿಲ್ಲ. ರೈಲ್ವೆ ಮತ್ತು ಅಂಚೆ ಇಲಾಖೆಗಳಲ್ಲಿ ದುಡಿದು, ಬಳಿಕ ಗಿರಣಿಯೊಂದರ ಉಗ್ರಾಣದ ಕೆಲಸಕ್ಕೆ ಸೇರಿದರು. ಹತ್ತಿಯ ಧೂಳು, ಉಸಿರುಗಟ್ಟಿಸುವ ಸೆಕೆ, ಮರೆಯಿಲ್ಲದೆ ತಿರುಗುವ ಯಂತ್ರಗಳು, ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ದುಡಿಮೆ - ಇವೆಲ್ಲವನ್ನೂ ಅವರು ಹತ್ತಿರದಿಂದ ಕಂಡರು. ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ವಿಚಾರಗಳು ಈ ಅನುಭವಕ್ಕೆ ದಿಕ್ಕು ತೋರಿದವು. 1880ರಿಂದ ‘ದೀನಬಂಧು’ ಪತ್ರಿಕೆಯನ್ನು ಮುಂಬಯಿಯಿಂದ ನಡೆಸತೊಡಗಿದ ಅವರು, ಅದನ್ನು ಕಾರ್ಮಿಕರ ಮುಖವಾಣಿಯನ್ನಾಗಿಸಿದರು.

ಭಾರತದ ಮೊದಲ ಕಾರ್ಖಾನೆ ಕಾಯಿದೆ 1881ರಲ್ಲಿ ಬಂದಿತು. ಅಪಾಯಕಾರಿ ಯಂತ್ರಗಳಿಗೆ ಬೇಲಿ ಹಾಕಬೇಕೆಂದೂ ಏಳು ವರ್ಷಕ್ಕಿಂತ ಕಿರಿಯ ಮಕ್ಕಳನ್ನು ದುಡಿಸಬಾರದೆಂದೂ ಅದು ವಿಧಿಸಿತು. ಈ ಕಾಯಿದೆಯ ಹಿಂದೆ ಸೊರಾಬ್‌ಜಿ ಶಾಪೂರ್‌ಜಿ ಬೆಂಗಾಲಿಯಂತಹ ದಯಾಪರರ ಶ್ರಮವಿತ್ತು. ಮುಂಬಯಿ ಗಿರಣಿಗಳ ಪೈಪೋಟಿಗೆ ಅಂಜಿದ ಲ್ಯಾಂಕಶೈರ್ ಮಾಲಿಕರ ಒತ್ತಾಯವೂ ಇತ್ತು. ಯಂತ್ರದ ಮುಂದೆ ನಿಂತವರ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಿರಲಿಲ್ಲ. ವಯಸ್ಕ ಸ್ತ್ರೀಪುರುಷರ ದುಡಿಮೆಯ ಅವಧಿಗೆ ಕಾಯಿದೆಯಲ್ಲಿ ಮಿತಿಯೇ ಇರಲಿಲ್ಲ.

ಈ ಕೊರತೆಯನ್ನು ತುಂಬಲು ಲೋಖಂಡೆಯವರು 1884ರಲ್ಲಿ ಮುಂಬಯಿ ಗಿರಣಿ ಕಾರ್ಮಿಕರ ಸಂಘವನ್ನು ಕಟ್ಟಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಕಾರ್ಮಿಕರ ಸಭೆ ಸೇರಿಸಿ, ಸುಮಾರು 5,500 ಮಂದಿಯ ಸಹಿಯುಳ್ಳ ಮನವಿಯನ್ನು ಸರಕಾರ ನೇಮಿಸಿದ ಆಯೋಗದ ಮುಂದಿಟ್ಟರು. ವಾರದ ರಜೆ, ಮಧ್ಯಾಹ್ನ ಅರ್ಧ ಗಂಟೆಯ ವಿರಾಮ, ಸಕಾಲದ ವೇತನ ಇವುಗಳೊಂದಿಗೆ ಇನ್ನೊಂದು ಬೇಡಿಕೆಯೂ ಅಲ್ಲಿತ್ತು. ದುಡಿಮೆಯಲ್ಲಿ ಗಾಯಗೊಂಡವನಿಗೆ ಗುಣವಾಗುವವರೆಗೆ ಪೂರ್ಣ ವೇತನ ಸಲ್ಲಬೇಕು. ಅಂಗವಿಕಲನಾದರೆ ಬಾಳಿನುದ್ದಕ್ಕೂ ಜೀವನೋಪಾಯ ಕಲ್ಪಿಸಬೇಕು. ಅಪಘಾತವನ್ನು ಕಾರ್ಮಿಕನ ಹಣೆಬರಹವೆಂದು ಬಗೆಯುತ್ತಿದ್ದ ಕಾಲದಲ್ಲಿ ಅದನ್ನು ಉದ್ಯಮದ ಹೊಣೆಯೆಂದು ಪರಿಗಣಿಸಿದ ದೃಷ್ಟಿಯಿದು.

1890ರ ಏಪ್ರಿಲ್‌ನಲ್ಲಿ ಮಹಾಲಕ್ಷ್ಮಿಯ ಮೈದಾನದಲ್ಲಿ ಸುಮಾರು 10,000 ಕಾರ್ಮಿಕರು ಸೇರಿದರು. ಇಬ್ಬರು ಮಹಿಳೆಯರೂ ಆ ಸಭೆಯಲ್ಲಿ ಮಾತನಾಡಿದ್ದು ಉಲ್ಲೇಖನೀಯ. ಜೂನ್‌ನಲ್ಲಿ ಮಾಲಿಕರ ಸಂಘ ಭಾನುವಾರದ ರಜೆಗೆ ಒಪ್ಪಿತು. ಅದೇ ವರ್ಷದ ಕಾರ್ಖಾನೆ ಆಯೋಗದ ಮುಂಬಯಿ ವಿಚಾರಣೆಯಲ್ಲಿ ಲೋಖಂಡೆಯವರಿಗೂ ಸ್ಥಾನ ದೊರೆಯಿತು. 1891ರ ಕಾಯಿದೆ ಮಹಿಳೆಯರ ದುಡಿಮೆಯನ್ನು 11 ಗಂಟೆಗೆ ಮಿತಗೊಳಿಸಿತು. ವಾರದ ರಜೆ, ನಡುಹಗಲಿನ ವಿರಾಮಗಳನ್ನು ಮಾನ್ಯ ಮಾಡಿತು. ಗಾಯಾಳುವಿನ ಪರಿಹಾರಕ್ಕೆ ಮಾತ್ರ ಅದರಲ್ಲಿ ಎಡೆ ಸಿಗಲಿಲ್ಲ.

ಅವರ ಸಂಘಕ್ಕೆ ನಿಯಮಾವಳಿಯಾಗಲಿ, ಸದಸ್ಯರ ಪಟ್ಟಿಯಾಗಲಿ, ನಿಧಿಯಾಗಲಿ ಇರಲಿಲ್ಲವೆಂಬ ಆಕ್ಷೇಪ ನಿಜ. ಆದರೂ ಸರಕಾರದ ಕಾಯಿದೆಗಳನ್ನು ರೂಪಿಸುವ ಚರ್ಚೆಗೆ ಕಾರ್ಮಿಕರ ದನಿಯನ್ನು ಸೇರಿಸಿದ ಶ್ರೇಯಸ್ಸು ಆ ಸಂಘಕ್ಕೇ ಸಲ್ಲುತ್ತದೆ.

ಪ್ಲೇಗು ಮುಂಬಯಿಯನ್ನು ಕಂಗೆಡಿಸಿದಾಗ ಲೋಖಂಡೆಯವರು ರೋಗಿಗಳ ಸೇವೆಗೆ ನಿಂತು, ಅದೇ ರೋಗಕ್ಕೆ 1897ರ ಫೆಬ್ರವರಿಯಲ್ಲಿ ಬಲಿಯಾದರು. ಕಾರ್ಮಿಕರ ಪರಿಹಾರ ಕಾಯಿದೆ ಬಂದದ್ದು 1923ರಲ್ಲಿ. ಅವರ ಮನವಿ ಸಲ್ಲಿಕೆಯಾಗಿ ಆಗ 39 ವರ್ಷಗಳು ಸಂದಿದ್ದವು. ಅದೂ ಪೂರ್ಣ ವೇತನವನ್ನಲ್ಲ, ಅದರ ಒಂದು ಪಾಲನ್ನಷ್ಟೇ ನೀಡಿತು. ನಡುವಿನ ಆ ವರ್ಷಗಳಲ್ಲಿ ಯಂತ್ರಕ್ಕೆ ಕೈಕಾಲು ತೆತ್ತವರನ್ನು ನೆನೆದಾಗ, ಲೋಖಂಡೆಯವರ ಬೇಡಿಕೆಯ ಬೆಲೆ ಎಷ್ಟೆಂಬುದು ಮನಗಾಣುತ್ತದೆ.