ಬೆರಳ ತುದಿಯ ಕಿಡಿ, ಬಾನಿನ ಸಿಡಿಲು: ಬೆಂಜಮಿನ್ ಫ್ರಾಂಕ್ಲಿನ್

ಮುಂಬಯಿಗೆ ಚಳಿಗಾಲವೆಂಬುದು ಕೆಲವೇ ವಾರಗಳ ಅತಿಥಿ. ಡಿಸೆಂಬರ್-ಜನವರಿಯಲ್ಲಿ ಉತ್ತರದ ಒಣಗಾಳಿ ಬೀಸತೊಡಗಿದಾಗ ಪವಾಯಿಯ ನಮ್ಮ ಮನೆಗಳಲ್ಲಿ ಒಂದು ಸಣ್ಣ ಕೌತುಕ ಆರಂಭವಾಗುತ್ತದೆ. ಕಾರಿನಿಂದಿಳಿದು ಬಾಗಿಲು ಮುಟ್ಟಿದರೆ ಬೆರಳಿಗೆ ಚುರುಕ್ಕೆಂದು ಏಟು; ಉಣ್ಣೆಯ ಸ್ವೆಟರ್ ಕಳಚುವಾಗ ಕತ್ತಲಲ್ಲಿ ಚಟಚಟ ಕಿಡಿ. ಕೆಲವು ವರ್ಷಗಳ ಹಿಂದೆ ನಮ್ಮ ಶಾಖೆಗೆ ಬಂದ ಹಿರಿಯ ಗ್ರಾಹಕರೊಬ್ಬರು ಗಾಜಿನ ಬಾಗಿಲಿನ ಸ್ಟೀಲ್ ಹಿಡಿಕೆ ಮುಟ್ಟಿ ಬೆಚ್ಚಿಬಿದ್ದು, ಕರೆಂಟು ಹೊಡೆಯಿತೆಂದು ಗಾಬರಿಗೊಂಡರು. ಆ ಬಾಗಿಲಿನ ಹತ್ತಿರ ಯಾವ ವಿದ್ಯುತ್ ತಂತಿಯೂ ಇರಲಿಲ್ಲ. ಅವರು ನಡೆದು ಬರುವಾಗ ಅವರ ದೇಹದಲ್ಲೇ ಸಂಗ್ರಹವಾಗಿದ್ದ ಸ್ಥಿರ ವಿದ್ಯುತ್ತು ಹಿಡಿಕೆಗೆ ಜಿಗಿದಿತ್ತು.

ಎರಡು ವಸ್ತುಗಳು ಒಂದಕ್ಕೊಂದು ತಾಗಿ, ಉಜ್ಜಿ, ಬೇರ್ಪಟ್ಟಾಗ ಒಂದರ ಮೇಲಿನ ಎಲೆಕ್ಟ್ರಾನುಗಳು ಇನ್ನೊಂದಕ್ಕೆ ಸೇರುತ್ತವೆ. ಮಳೆಗಾಲದಲ್ಲಿ ವಸ್ತುಗಳ ಮೇಲೆ ಕೂರುವ ತೇವದ ತೆಳುಪದರ ಈ ಆವೇಶವನ್ನು ಸದ್ದಿಲ್ಲದೆ ಸೋರಿಹೋಗಲು ಬಿಡುತ್ತದೆ. ಒಣಹವೆಯಲ್ಲಿ ಅದು ಮೈಮೇಲೆಯೇ ಉಳಿದು, ಲೋಹ ಸಿಕ್ಕೊಡನೆ ಕಿಡಿಯಾಗಿ ಹಾರುತ್ತದೆ. ಮನೆಯ ಪ್ಲಗ್ಗಿನಲ್ಲಿರುವುದು 230 ವೋಲ್ಟ್. ಈ ಕಿಡಿಯದು ಕೆಲವು ಸಾವಿರ ವೋಲ್ಟ್. ಆದರೂ ಪ್ರಾಣಾಪಾಯವಿಲ್ಲ, ಏಕೆಂದರೆ ಹರಿಯುವ ಆವೇಶ ಅತ್ಯಲ್ಪ. ಕಣ್ಣು ಮಿಟುಕಿಸುವ ಮೊದಲೇ ಎಲ್ಲವೂ ಮುಗಿದಿರುತ್ತದೆ. ಈ ಕ್ಷುಲ್ಲಕ ಕಿಡಿಯೂ ಆಕಾಶದ ಸಿಡಿಲೂ ಒಂದೇ ಎಂದು ಊಹಿಸಿ, ಅದನ್ನು ಪರೀಕ್ಷಿಸುವ ಮಾರ್ಗವನ್ನು ಜಗತ್ತಿಗೆ ತೋರಿಸಿದ ಬೆಂಜಮಿನ್ ಫ್ರಾಂಕ್ಲಿನ್‌ನ ಜನ್ಮದಿನವೂ ಇದೇ ಒಣ ಋತುವಿನಲ್ಲಿ, ಜನವರಿ 17ರಂದು ಬರುತ್ತದೆ.

ಫ್ರಾಂಕ್ಲಿನ್ ಹುಟ್ಟಿದ್ದು 1706ರಲ್ಲಿ, ಅಮೆರಿಕದ ಬಾಸ್ಟನ್ ನಗರದಲ್ಲಿ. ತಂದೆ ಜೊಸಾಯಾ ಮೇಣದಬತ್ತಿ ಮತ್ತು ಸಾಬೂನು ತಯಾರಿಸುವ ಕಸುಬಿನವ. ಹದಿನೇಳು ಮಕ್ಕಳಲ್ಲಿ ಬೆಂಜಮಿನ್ ಹದಿನೈದನೆಯವ. ಶಾಲೆಯ ಭಾಗ್ಯ ಎರಡೇ ವರ್ಷ. ಹನ್ನೆರಡರ ವಯಸ್ಸಿನಲ್ಲಿ ಅಣ್ಣ ಜೇಮ್ಸ್‌ನ ಮುದ್ರಣಾಲಯದಲ್ಲಿ ಕೆಲಸಕ್ಕೆ ಸೇರಿದ ಹುಡುಗ, ಅಣ್ಣನ ದಬ್ಬಾಳಿಕೆ ಸಹಿಸಲಾರದೆ 1723ರಲ್ಲಿ ಮನೆ ಬಿಟ್ಟು ಫಿಲಡೆಲ್ಫಿಯಾ ತಲುಪಿದ. ದುಡಿಮೆ ಮತ್ತು ಮಿತವ್ಯಯದಿಂದ ಸ್ವಂತ ಮುದ್ರಣಾಲಯ ಕಟ್ಟಿದ, ಪತ್ರಿಕೆ ನಡೆಸಿದ, ಪಂಚಾಂಗ ಹೊರತಂದು ಮನೆಮಾತಾದ. 1731ರಲ್ಲಿ ಮಿತ್ರರೊಡನೆ ಚಂದಾ ಕೂಡಿಸಿ ಗ್ರಂಥಾಲಯವನ್ನೂ, 1736ರಲ್ಲಿ ಬೆಂಕಿ ಆರಿಸುವ ಸ್ವಯಂಸೇವಕರ ಪಡೆಯನ್ನೂ ಸ್ಥಾಪಿಸಿದ. ಊರು ಬಿಟ್ಟು ಬಂದು ಸಂಘಸಂಸ್ಥೆಗಳನ್ನು ಕಟ್ಟಿದ ನಮ್ಮಂಥವರಿಗೆ ಈ ಭಾಗ ಅಪರಿಚಿತವೆನಿಸದು.

ಆ ಗ್ರಂಥಾಲಯಕ್ಕೆ ಲಂಡನ್ನಿನ ಪೀಟರ್ ಕಾಲಿನ್ಸನ್ ಕಳುಹಿಸಿದ ಒಂದು ಗಾಜಿನ ನಳಿಗೆ ಫ್ರಾಂಕ್ಲಿನ್‌ನ ಬಾಳಿನ ದಿಕ್ಕನ್ನೇ ತಿರುಗಿಸಿತು. ಉಜ್ಜಿದರೆ ಕಿಡಿ ಹಾರಿಸುವ ಅಂತಹ ನಳಿಗೆಗಳು ಅಂದು ಶ್ರೀಮಂತರ ಮನೆಯ ವಿನೋದದ ಸಾಮಗ್ರಿ. ಆದರೆ ವ್ಯಾಪಾರಿಯಾಗಿದ್ದ ಫ್ರಾಂಕ್ಲಿನ್ ಅದರಲ್ಲಿ ಲೆಕ್ಕವನ್ನು ಕಂಡ. ಉಜ್ಜುವುದರಿಂದ ವಿದ್ಯುತ್ತು ಹೊಸದಾಗಿ ಹುಟ್ಟುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ವರ್ಗವಾಗುತ್ತದೆ, ಒಂದೆಡೆ ಎಷ್ಟು ಹೆಚ್ಚಿತೋ ಇನ್ನೊಂದೆಡೆ ಅಷ್ಟೇ ಕಡಿಮೆಯಾಗಿರುತ್ತದೆ ಎಂದು 1747ರಲ್ಲಿ ಪ್ರತಿಪಾದಿಸಿದ. ನಾವು ಇಂದಿಗೂ ಬಳಸುವ ಧನ-ಋಣ ಎಂಬ ವಿಭಾಗ ಆತನದೇ. ಜಮಾ-ಖರ್ಚಿನ ಪುಸ್ತಕದೊಡನೆ ಮೂರು ದಶಕ ಕಳೆದ ನನಗೆ ಇದು ಅತ್ಯಂತ ಸುಂದರವಾದ ವೈಜ್ಞಾನಿಕ ತತ್ತ್ವವೆನಿಸಿದೆ. 1897ರಲ್ಲಿ ಎಲೆಕ್ಟ್ರಾನ್ ಪತ್ತೆಯಾದ ಬಳಿಕ, ಫ್ರಾಂಕ್ಲಿನ್ ಹೆಚ್ಚುವರಿ ಎಂದು ಬರೆದ ಕಡೆ ವಾಸ್ತವದಲ್ಲಿ ಕೊರತೆಯಿತ್ತೆಂದು ತಿಳಿದುಬಂತು. ಎರಡು ಕಾಲಮುಗಳು ಅದಲುಬದಲಾಗಿದ್ದವು. ಆದರೆ ಮೊತ್ತ ಮಾತ್ರ ತಾಳೆಯಾಗಿಯೇ ಇತ್ತು.

1748ರಲ್ಲಿ, ನಲವತ್ತೆರಡರ ವಯಸ್ಸಿನಲ್ಲೇ, ಮುದ್ರಣದ ವ್ಯವಹಾರವನ್ನು ಪಾಲುದಾರನಿಗೊಪ್ಪಿಸಿ ಸಂಶೋಧನೆಯಲ್ಲಿ ಮಗ್ನನಾದ. ತಪ್ಪುಗಳೂ ಆದವು. 1750ರ ಡಿಸೆಂಬರಿನಲ್ಲಿ ಟರ್ಕಿ ಕೋಳಿಯೊಂದನ್ನು ವಿದ್ಯುತ್ತಿನಿಂದ ಕೊಲ್ಲಹೊರಟು, ಮೈಮರೆತು, ಎರಡು ದೊಡ್ಡ ಲೈಡನ್ ಜಾಡಿಗಳ ಆವೇಶವನ್ನು ತಾನೇ ಅನುಭವಿಸಿದ. ಮರುದಿನ ಬೆಳಗಿನವರೆಗೆ ತೋಳು, ಕತ್ತುಗಳು ಮರಗಟ್ಟಿದ್ದವು. ನಾಚಿಕೆಯಾದರೂ ಈ ಪ್ರಮಾದವನ್ನು ತಾನೇ ಬರೆದು ತಿಳಿಸಿದ್ದು ಆತನ ಪ್ರಾಮಾಣಿಕತೆಗೆ ಸಾಕ್ಷಿ.

ಮೋಡದಲ್ಲಿರುವುದು ಇದೇ ವಿದ್ಯುತ್ತೇ ಎಂಬುದನ್ನು ಎತ್ತರದ ಚೂಪಾದ ಸರಳಿನಿಂದ ಪರೀಕ್ಷಿಸಬಹುದೆಂದು ಆತ ಸೂಚಿಸಿದ್ದ. ಆ ಪ್ರಯೋಗ ಮೊದಲು ಸಫಲವಾದದ್ದು 1752ರ ಮೇ 10ರಂದು, ಫ್ರಾನ್ಸಿನ ಮಾರ್ಲಿಯಲ್ಲಿ. ಆ ಸುದ್ದಿ ಮುಟ್ಟುವ ಮೊದಲೇ, ಜೂನ್ ತಿಂಗಳಲ್ಲಿ, ಫ್ರಾಂಕ್ಲಿನ್ ಮಗ ವಿಲಿಯಮ್‌ನೊಂದಿಗೆ ರೇಷ್ಮೆಯ ಗಾಳಿಪಟ ಹಾರಿಸಿದ. ದಾರದ ತುದಿಗೆ ಕಟ್ಟಿದ್ದ ಬೀಗದ ಕೈಯ ಬಳಿ ಬೆರಳ ಗೆಣ್ಣು ಒಯ್ದಾಗ ಕಿಡಿ ಹಾರಿತು. ಗಾಳಿಪಟಕ್ಕೆ ಸಿಡಿಲು ಬಡಿಯಿತೆಂಬ ಕಥೆ ನಿಜವಲ್ಲ. ಬಡಿದಿದ್ದರೆ ತಂದೆ ಮಗ ಉಳಿಯುತ್ತಿರಲಿಲ್ಲ. ಮರುವರ್ಷವೇ ಪೀಟರ್ಸ್‌ಬರ್ಗಿನಲ್ಲಿ ಇಂತಹ ಪ್ರಯೋಗ ನಡೆಸುತ್ತಿದ್ದ ರಿಚ್‌ಮನ್ ಎಂಬ ವಿಜ್ಞಾನಿ ಮೃತಪಟ್ಟ.

ಇದರ ಫಲವೇ ಕಟ್ಟಡಗಳ ನೆತ್ತಿಯಿಂದ ಭೂಮಿಗೆ ಸಿಡಿಲನ್ನು ಇಳಿಸುವ ಮಿಂಚುವಾಹಕ. ಫ್ರಾಂಕ್ಲಿನ್ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಕೂರಿಸುವ ಕ್ರಮವನ್ನು 1753ರ ಪಂಚಾಂಗದಲ್ಲಿ ಎಲ್ಲರಿಗಾಗಿ ಅಚ್ಚು ಹಾಕಿಸಿದ. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೀ ಪದಕವಿತ್ತು ಗೌರವಿಸಿತು.

ಮುಂದಿನದು ರಾಜಕೀಯ ಜೀವನ. 1776ರಲ್ಲಿ ಸ್ವಾತಂತ್ರ್ಯ ಘೋಷಣೆಗೆ ಸಹಿ. ಬಳಿಕ ಸುಮಾರು ಒಂಬತ್ತು ವರ್ಷ ಪ್ಯಾರಿಸ್ಸಿನಲ್ಲಿ ರಾಯಭಾರ. ಆತ ಅಲ್ಲಿದ್ದಾಗಲೇ, 1782ರಲ್ಲಿ, ಬ್ರಿಟಿಷರ ವಿರುದ್ಧ ಆತನ ಪೆನ್ಸಿಲ್ವೇನಿಯಾ ಪ್ರಾಂತ ಸಜ್ಜುಗೊಳಿಸಿದ ಹಡಗಿಗೆ ನಮ್ಮ ಮೈಸೂರಿನ ಹೈದರಾಲಿಯ ಹೆಸರಿತ್ತೆಂಬುದು ಕನ್ನಡಿಗರು ತಿಳಿಯಬೇಕಾದ ಸಂಗತಿ. ಆದರೆ ಆ ಹೋರಾಟ ಆತನ ಮನೆಯನ್ನು ಒಡೆಯಿತು. ಗಾಳಿಪಟದ ದಿನ ಜೊತೆಗಿದ್ದ ವಿಲಿಯಮ್ ನ್ಯೂಜೆರ್ಸಿಯ ಗವರ್ನರನಾಗಿ ಬ್ರಿಟಿಷ್ ದೊರೆಗೆ ನಿಷ್ಠನಾಗಿ ಉಳಿದು ಸೆರೆವಾಸ ಅನುಭವಿಸಿದ. ಯುದ್ಧಾನಂತರ ಮಗನೇ ಪತ್ರ ಬರೆದು ಸ್ನೇಹ ಬಯಸಿದರೂ ತಂದೆಯ ಮನಸ್ಸು ಕರಗಲಿಲ್ಲ. 1785ರಲ್ಲಿ ಇಂಗ್ಲೆಂಡಿನ ಸೌಥಾಂಪ್ಟನ್ನಿನಲ್ಲಿ ಕೆಲವು ದಿನ ಭೇಟಿಯಾದದ್ದೇ ಕೊನೆ. ಉಯಿಲಿನಲ್ಲೂ ಮಗನಿಗೆ ಹೆಚ್ಚೇನೂ ದೊರೆಯಲಿಲ್ಲ. ಮತ್ತೊಂದು ಬಾಕಿಯನ್ನು ಮಾತ್ರ ಆತ ತೀರಿಸಲೆತ್ನಿಸಿದ. ಹಿಂದೆ ಸ್ವತಃ ಗುಲಾಮರನ್ನಿಟ್ಟುಕೊಂಡಿದ್ದ ಫ್ರಾಂಕ್ಲಿನ್, ಇಳಿವಯಸ್ಸಿನಲ್ಲಿ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷನಾಗಿ, 1790ರ ಫೆಬ್ರವರಿಯಲ್ಲಿ ಆ ಪದ್ಧತಿಯ ವಿರುದ್ಧ ಸಂಸತ್ತಿಗೆ ಮನವಿ ಸಲ್ಲಿಸಿದ. ಅದೇ ವರ್ಷ ಏಪ್ರಿಲ್ 17ರಂದು, 84ನೆಯ ವಯಸ್ಸಿನಲ್ಲಿ, ನಿಧನನಾದ.

ಪವಾಯಿಯ ಗಗನಚುಂಬಿ ಕಟ್ಟಡಗಳ ನೆತ್ತಿಯ ಮೇಲಿನ ಲೋಹದ ಸರಳುಗಳು ಆತನ ದಾನವೇ. ಆದರೆ ನಮ್ಮೂರ ಹೊಲಗಳಲ್ಲಿ ಅಂತಹ ಸರಳುಗಳಿಲ್ಲ. ಮುಂಗಾರಿಗೆ ಮುನ್ನಿನ ಗುಡುಗು-ಮಳೆಗೆ ಮರದಡಿ ನಿಂತು ರೈತರೂ ಕುರಿಗಾಹಿಗಳೂ ಸಿಡಿಲಿಗೆ ಬಲಿಯಾಗುವ ಸುದ್ದಿ ಕರ್ನಾಟಕದಿಂದ ಪ್ರತಿವರ್ಷ ಬರುತ್ತದೆ. ಊರಿಗೆ ಫೋನ್ ಮಾಡಿದಾಗ, ಗುಡುಗು ಕೇಳಿದೊಡನೆ ಮರದ ಆಸರೆ ಬಿಟ್ಟು ಪಕ್ಕಾ ಮನೆ ಸೇರಿರೆಂದು ಬಂಧುಗಳಿಗೆ ಹೇಳುವುದು ನಮ್ಮ ಕರ್ತವ್ಯ. ನಮ್ಮ ಚಳಿಗಾಲದ ಚುರುಕಿಗಾದರೋ ಮದ್ದು ಸುಲಭ: ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು, ಅದರ ತುದಿಯನ್ನು ಮೊದಲು ಬಾಗಿಲಿಗೆ ತಾಗಿಸಿ. ಕಿಡಿ ಹಾರುವುದು ಬೀಗದ ಕೈಗೆ, ಬೆರಳಿಗೆ ನೋವಿಲ್ಲ. ಆಗ ಒಂದು ಕ್ಷಣ ಆ ಮುದ್ರಕನನ್ನು ನೆನೆಯೋಣ.