ನಾಯಿಗೆ ಕಲಿಸಲು ಏಟು ಬೇಕೇ? ಸ್ಕಿನ್ನರ್ ಬದುಕು ಹೇಳುವುದೇನು?

ಯಜಮಾನ ಯಾರೆಂದು ಹೊಡೆದು ತೋರಿಸದಿದ್ದರೆ ನಾಯಿ ಮಾತು ಕೇಳದು ಎಂಬ ನಂಬಿಕೆ ನಮ್ಮಲ್ಲಿ ಅನೇಕರಿಗಿದೆ. ಅದು ಎಲ್ಲಿ ತಪ್ಪುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಅವರ ಬದುಕಿನಲ್ಲಿ ನಾವು ಕಾಣಬಹುದು.

1904ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಸ್ಕಿನ್ನರ್ ಸಾಹಿತಿಯಾಗಲು ಹೊರಟು, ಅದು ಕೈಗೂಡದೆ ಹಾರ್ವರ್ಡ್ ಸೇರಿದರು. ಅಲ್ಲಿ, ಸನ್ನೆಕೋಲು ಒತ್ತಿದ ಇಲಿಗೆ ತಿಂಡಿ ಸಿಗುವ ಪೆಟ್ಟಿಗೆ ಮಾಡಿದರು. ತಿಂಡಿ ಸಿಕ್ಕ ಇಲಿಗಳು ಮತ್ತೆ ಮತ್ತೆ ಒತ್ತಿದವು. ಬಳಿಕ ತಿಂಡಿ ನಿಲ್ಲಿಸಿ, ಕೆಲವು ಇಲಿಗಳಿಗೆ ಮಾತ್ರ ಒತ್ತಿದಾಗ ಪಂಜದ ಮೇಲೆ ಏಟು ಬೀಳುವಂತೆ ಮಾಡಿದರು. ಅವು ಸ್ವಲ್ಪ ಹೊತ್ತು ಸುಮ್ಮನಾದವು. ಏಟು ನಿಂತ ಮೇಲೆ ಮತ್ತೆ ಒತ್ತತೊಡಗಿ, ಕೊನೆಗೆ ಏಟು ತಿನ್ನದ ಇಲಿಗಳಷ್ಟೇ ಸಲ ಒತ್ತಿದವು. ಏಟು ಅಭ್ಯಾಸವನ್ನು ಅಡಗಿಸಿತ್ತು, ಅಳಿಸಿರಲಿಲ್ಲ. 1938ರ ಪುಸ್ತಕದಲ್ಲಿ ಇದನ್ನು ದಾಖಲಿಸಿದರು.

1951ರಲ್ಲಿ ಅವರು ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ನಾಯಿಗೆ ಕಲಿಸುವ ಬಗೆಯನ್ನು ವಿವರಿಸಿದರು. ನಾಯಿ ಸರಿಯಾಗಿ ಮಾಡಿದ ಕ್ಷಣವೇ ಆಟಿಕೆಯಿಂದ ಟಿಕ್ ಸದ್ದು, ಕೂಡಲೇ ತಿಂಡಿ. ತಿಂಡಿ ಯಾವುದಕ್ಕೆ ಸಿಕ್ಕಿತೆಂದು ಆ ಸದ್ದಿನಿಂದ ನಾಯಿಗೆ ತಿಳಿಯುತ್ತದೆ. ಇಂದಿನ ಕ್ಲಿಕ್ಕರ್ ತರಬೇತಿಯ ಬೇರು ಇಲ್ಲಿದೆ.

ಸ್ಕಿನ್ನರ್ 1990ರಲ್ಲಿ ತೀರಿಕೊಂಡರು. ನಿಮ್ಮ ನಾಯಿ ಬಂದವರ ಮೈಮೇಲೆ ಹಾರುತ್ತದೆಯೇ? ಕೋಲು ಹುಡುಕಬೇಡಿ. ಅದರ ನಾಲ್ಕೂ ಕಾಲು ನೆಲದ ಮೇಲಿದ್ದಾಗ ತಿಂಡಿ ಕೊಡಿ.