ತನ್ನ ನೋವಿನಿಂದಲೇ ಮದ್ದನ್ನರೆದ ವೈದ್ಯ

ಮದ್ದು ರೋಗವನ್ನು ಅನುಸರಿಸಬೇಕೆಂಬುದು ಎಲ್ಲರೂ ಒಪ್ಪುವ ಮಾತು. ಆದರೆ ಮನಸ್ಸಿನ ಬೇನೆಗೆ ಚಿಕಿತ್ಸೆ ಮಾಡುವವನು ಹಿಡಿಯುವ ಹಾದಿಯಲ್ಲಿ ಅವನ ಸ್ವಭಾವವೂ ಅವನು ಬೆಳೆದ ಬಗೆಯೂ ಬೆರೆತಿರುವುವೆಂದು ನನಗೆ ಮನವರಿಕೆಯಾದುದು ಆಲ್‌ಫ್ರೆಡ್ ಆಡ್ಲರನ ಬಾಳನ್ನು ಓದಿದಾಗ.

ಆಡ್ಲರ್ ಹುಟ್ಟಿದುದು 1870ರ ಫೆಬ್ರವರಿ 7ರಂದು, ವಿಯೆನ್ನಾ ನಗರದ ಅಂಚಿನಲ್ಲಿ. ತಂದೆ ಧಾನ್ಯದ ವ್ಯಾಪಾರಿ. ಮಗುವಿನ ಮೂಳೆಗಳಿಗೆ ರಿಕೆಟ್ಸ್ ರೋಗ. ಸಿಗ್ಮಂಡ್ ಎಂಬ ಅಣ್ಣನು ಓಡಿಯಾಡುತ್ತಿದ್ದಾಗ ಇವನು ಕುಳಿತು ನೋಡಬೇಕಾಗಿತ್ತು. ಎಳೆಯ ತಮ್ಮನೊಬ್ಬನು ಪಕ್ಕದ ಹಾಸಿಗೆಯಲ್ಲಿಯೇ ತೀರಿಕೊಂಡನು. ತರುವಾಯ ಇವನಿಗೇ ನ್ಯುಮೋನಿಯಾ ಬಂದಾಗ ವೈದ್ಯರು ಆಸೆಯನ್ನೇ ಬಿಟ್ಟರು. ಬದುಕಿ ಉಳಿದ ಹುಡುಗನು ತಾನೂ ವೈದ್ಯನಾಗಬೇಕೆಂದು ಹಟ ತೊಟ್ಟು, 1895ರಲ್ಲಿ ಪದವಿ ಪಡೆದನು.

ಅವನ ರೋಗಿಗಳಲ್ಲಿ ಸರ್ಕಸ್ಸಿನ ಕಸರತ್ತಿನವರೂ ಇದ್ದರು. ಬಾಲ್ಯದ ದೌರ್ಬಲ್ಯವನ್ನು ಛಲದಿಂದ ಗೆದ್ದವರನ್ನು ಅವರಲ್ಲಿ ಕಂಡನು. ಅಂಗದ ಕೊರತೆಯನ್ನು ಕುರಿತು 1907ರಲ್ಲಿ ಗ್ರಂಥ ಬರೆದನು. ಕೀಳರಿಮೆ, ಅದನ್ನು ಮೀರುವ ಹಂಬಲ, ಹುಟ್ಟಿನ ಸರದಿ ಇವೇ ಅವನ ಸಿದ್ಧಾಂತದ ತಿರುಳಾದುವು. ಇದರಲ್ಲಿ ಆ ರಿಕೆಟ್ಸಿನ ಹುಡುಗನನ್ನು ಯಾರು ತಾನೇ ಗುರುತಿಸಲಾರರು?

1902ರಲ್ಲಿ ಅವನು ಮತ್ತೊಬ್ಬ ಸಿಗ್ಮಂಡನ, ಎಂದರೆ ಫ್ರಾಯ್ಡನ, ಬಳಗವನ್ನು ಸೇರಿದನು. 1911ರಲ್ಲಿ ಬಿಟ್ಟು ಹೊರಬಂದನು. ಫ್ರಾಯ್ಡನು ತಾಯಿಯ ಚೊಚ್ಚಲ ಮಗ, ಅವಳ ಕಣ್ಮಣಿ. ದಿನವಿಡೀ ಜನರು ತನ್ನ ಮುಖವನ್ನೇ ದಿಟ್ಟಿಸುವುದು ಅವನಿಗೆ ಸಹಿಸದು. ರೋಗಿಯನ್ನು ಮಲಗಿಸಿ ಅವನ ತಲೆಯ ಹಿಂದೆ ಕೂರುತ್ತಿದ್ದುದಕ್ಕೆ ಇದೂ ಒಂದು ಕಾರಣವೆಂದು ಅವನೇ ಒಪ್ಪಿದ್ದಾನೆ. ಆಡ್ಲರನಾದರೋ ಗೆಳೆಯನಂತೆ ಎದುರಿಗೆ ಕುಳಿತು ಮಾತನಾಡುತ್ತಿದ್ದನು. ಇವರಿಬ್ಬರ ಭೇದಕ್ಕೆ ಅವರ ಸ್ವಭಾವಭೇದವೇ ಮೂಲವೆಂದು ಯೂಂಗ್ 1921ರಲ್ಲಿ ವಿವರಿಸಿದನು.

ಹಾಗಾದರೆ ಆಡ್ಲರನ ಶಾಸ್ತ್ರವು ಬರಿಯ ಆತ್ಮಕಥೆಯೇ? ಅಲ್ಲ. ಮೊದಲನೆಯ ಮಹಾಯುದ್ಧದ ತರುವಾಯ ಅವನು ವಿಯೆನ್ನಾದ ಶಾಲೆಗಳಲ್ಲಿ ಮಕ್ಕಳಿಗಾಗಿ ಸಲಹಾಕೇಂದ್ರಗಳನ್ನು ತೆರೆದು, ಉಪಾಧ್ಯಾಯರೂ ತಾಯಿತಂದೆಗಳೂ ನೋಡುತ್ತಿರುವಂತೆಯೇ ತನ್ನ ವಿಚಾರಗಳನ್ನು ಒರೆಗೆ ಹಚ್ಚಿದನು. 1934ರಲ್ಲಿ ಸರಕಾರವು ಅವನ್ನು ಮುಚ್ಚಿಸಿತು. 1937ರ ಮೇ 28ರಂದು, ಉಪನ್ಯಾಸಪ್ರವಾಸದಲ್ಲಿದ್ದಾಗ, ಸ್ಕಾಟ್ಲೆಂಡಿನ ಅಬರ್ಡೀನಿನ ಬೀದಿಯಲ್ಲಿ ಕುಸಿದು ಮಡಿದನು.

ಈ ಬಾಳು ನನ್ನನ್ನು ಚುಚ್ಚುವುದಕ್ಕೆ ಕಾರಣವುಂಟು. ಕಳೆದ ವರ್ಷ ಪರೀಕ್ಷೆಯಲ್ಲಿ ಸೋತ ಗೆಳೆಯನೊಬ್ಬನು ರಾತ್ರಿ ನನ್ನ ಕೋಣೆಗೆ ಬಂದು ಕುಳಿತನು. ಒಮ್ಮೆ ಸೋತು, ಹಟದಿಂದ ಗೆದ್ದಿದ್ದ ನಾನು ಅವನಿಗೂ ಹಟವನ್ನೇ ಬೋಧಿಸಿದೆನು. ಅವನು ತಲೆದೂಗಿ ಎದ್ದುಹೋದನು. ಮರುವಾರ ಕಾಲೇಜನ್ನೇ ಬಿಟ್ಟನು. ನಾನು ಕೊಟ್ಟುದು ನನಗೆ ಹಿಡಿಸಿದ ಮದ್ದು. ಅವನ ಬೇನೆ ಏನೆಂದು ನಾನು ಕೇಳಿಯೇ ಇರಲಿಲ್ಲ.